ಅರಿಸಿನ ಪಾದದ ಬೆಳ್ಳಕ್ಕಿ

"ಕೇಳಿರಯ್ಯಾ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ ಅರ್ಧ ರಾಜ್ಯ! ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಹಿರೇಕೊಳದ ಅರಸ ವೀರನಾಯಕ ಹೀಗೆ ಡಂಗುರ ಹೊಡೆಸಿದ. ಜಾಣರು ಹೋದರು, ಶೂರರು ಹೋದರು. ಬಾಗಿಲ ಮೇಲೆ ತಲೆಗಳ ಸಾಲು ಬೆಳೆಯಿತು. ಕೆರೆಯಂಚಿನಲ್ಲಿ ಜೊಂಡು ಕೊಯ್ದು ಬದುಕುತ್ತಿದ್ದ ದ್ಯಾವಕ್ಕನ ಅಣ್ಣ ಕೆಂಚನೂ ಹೋದ, ಮರಳಲಿಲ್ಲ.

ದ್ಯಾವಕ್ಕ ಅಣ್ಣನ ತಲೆ ಬೇಡಲು ಬಂದಳು. ಕಾವಲಿನವನು ಮುಖ ತಿರುಗಿಸಿದ. "ಒಗಟು ಬಿಡಿಸುವ ತನಕ ಯಾವ ತಲೆಯನ್ನೂ ಇಳಿಸೋ ಹಾಗಿಲ್ಲ ತಾಯಿ."

"ಹಾಗಾದರೆ ನನ್ನನ್ನೇ ಒಳಗೆ ಬಿಡಪ್ಪ."

ಕೆಂಚನ ತಂಗಿ ಎಂದು ಸಾರಿ ಅವಳನ್ನು ಒಳಗೆ ಬಿಟ್ಟರು. ಅಲ್ಲಿ ಅವಳಿಗಿಂತ ಮುಂದೆ ದಳವಾಯಿಯ ಮಗ ಬೊಮ್ಮರಸ ನಿಂತಿದ್ದ. ಅರಸ ಕೇಳಿದ: "ಕೆರೆಯಲ್ಲಿ ಅಕ್ಕತಂಗಿಯರು, ಇಬ್ಬರದೂ ಬಿಳಿ ಸೀರೆ. ಅರಿಸಿನದಲ್ಲಿ ಪಾದ ಅದ್ದಿದವಳು ಯಾರು?"

"ಚಿಕ್ಕ ಬೆಳ್ಳಕ್ಕಿ," ಎಂದ ಬೊಮ್ಮರಸ.

"ಸರಿ. ಮರಿ ಮಾಡುವ ಕಾಲಕ್ಕೆ ಅಕ್ಕ ತಂಗಿಯಂತೆ ಆಗುವುದು ಯಾವುದರಲ್ಲಿ?"

ಬೊಮ್ಮರಸ ಬೆವರಿದ. "ಪಾದದಲ್ಲಿ..."

ಕತ್ತಿ ಬಿತ್ತು. ರಕ್ತ ದ್ಯಾವಕ್ಕನ ಕಾಲಿನವರೆಗೆ ಹರಿಯಿತು. ಅವಳು ಹಿಂದೆ ಸರಿಯಲಿಲ್ಲ.

"ನೀನು ಹೇಳು," ಎಂದ ಅರಸ.

"ಪ್ರಭು, ಚಿಕ್ಕದಕ್ಕೆ ಕಪ್ಪು ಕೊಕ್ಕು, ಹಳದಿ ಪಾದ. ದೊಡ್ಡದಕ್ಕೆ ಹಳದಿ ಕೊಕ್ಕು, ಕಪ್ಪು ಪಾದ. ಗೂಡು ಕಟ್ಟೋ ಕಾಲಕ್ಕೆ ದೊಡ್ಡದರ ಕೊಕ್ಕೂ ಕಪ್ಪಾಗುತ್ತೆ. ಪಾದ ಮಾತ್ರ ಬದಲಾಗೋದಿಲ್ಲ."

ಅರಸ ಮುಂದಕ್ಕೆ ಬಾಗಿದ. "ನಿನ್ನಣ್ಣ ಸತ್ತದ್ದು ಮೂರನೆಯದಕ್ಕೆ. ತಂಗಿ ಕೆಸರು ಕೆದಕಿ, ಓಡಾಡಿ ಮೀನು ಕೊಲ್ಲುತ್ತಾಳೆ. ಅಕ್ಕ ಕದಲದೆ ನಿಂತು ಕೊಲ್ಲುತ್ತಾಳೆ. ಯಾರ ಪಾಪ ಹೆಚ್ಚು?"

"ಅಣ್ಣ ಏನಂದ?"

"ಅಕ್ಕನದು ಅಂದ."

ದ್ಯಾವಕ್ಕ ಅರಸನನ್ನೇ ನೋಡಿ ಹೇಳಿದಳು: "ಯಾರದೂ ಅಲ್ಲ. ಹೊಟ್ಟೆ ತುಂಬಿದರೆ ಎರಡೂ ಸುಮ್ಮನಾಗುತ್ತವೆ. ಆಮೇಲೂ ಕೊಲ್ಲುವವರಿಗೆ ಪಾಪ."

ಅರಸನ ಕೈ ಕತ್ತಿಯವನ ಕಡೆಗೆ ಎದ್ದಿತು. ಮುದಿ ಮಂತ್ರಿ ನಡುವೆ ಬಂದ. "ಉತ್ತರ ಸರಿ, ಪ್ರಭು. ಡಂಗುರದ ಮಾತನ್ನು ಊರೆಲ್ಲ ಕೇಳಿದೆ."

ಕೈ ಮೆಲ್ಲಗೆ ಇಳಿಯಿತು. "ಯಾವ ಅರ್ಧ ಬೇಕು?"

"ಕೋಟೆ ಬಾಗಿಲಿರೋ ಅರ್ಧ."

ಅಂದೇ ದ್ಯಾವಕ್ಕ ತಲೆಗಳನ್ನು ಇಳಿಸಿ, ಒಂದೊಂದರ ಮುಖವನ್ನೂ ತಾನೇ ತೊಳೆದಳು. ಆಮೇಲೆ ಬಾಗಿಲನ್ನು ಕೀಳಿಸಿ, ಅದರ ಹಲಗೆಗಳಿಂದಲೇ ಎಲ್ಲರಿಗೂ ಚಿತೆ ಒಟ್ಟಿಸಿದಳು.