ಮಾವನ ಕಣ್ಣಿಗೆ ಇರಪಾಕ್ಷಿ ಹಚ್ಚಿದ ಬಣ್ಣ

ಕುಂತ್ರಿ? ಕಾಲು ಚಾಚಿಕೊಂಡೇ ಕುಂದರ್ರಿ, ಕತಿ ಉದ್ದಿಲ್ಲ. ಗುಳೇದಗುಡ್ಡದಾಗ ಕಾಶವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಒಬ್ಬನ ಮಗ, ಇರಪಾಕ್ಷಿ. ಬಾಗಿಲಾ ನೋಡ್ಕೋ ಅಂದ್ರ, ಕಳ್ಳ ಒಳಗ ಹೋದ್ರೂ ಬಾಗಿಲಾನ ನೋಡ್ಕೋತ ಕುಂದರಾಂವ. "ಇಂಥಾವನ್ನ ಹಡದು ಏನು ಸುಖಾ ಕಂಡ್ನೆವ್ವ" ಅಂತ ಕಾಶವ್ವ ಹಣಿ ಹಣಿ ಬಡ್ಕೋತಿದ್ಲು. ಆದ್ರ ಕಂಪ್ಯೂಟರ್ ಕೆಲಸ ಮಾತ್ರ ಅವಗ ಛಲೋ ಬರ್ತಿತ್ತು. ಯಾಕ ಬರಂಗಿಲ್ರಿ? ಅದೂ ಹೇಳಿದಷ್ಟ ಮಾಡ್ತೈತಿ, ಇವನೂ ಹೇಳಿದಷ್ಟ ಮಾಡ್ತಾನ.

ತಾಯಿ ಮಗನ ಹೊಟ್ಟಿ ನಡೀತಿದ್ದದ್ದು ಕಾಶವ್ವನ ತಮ್ಮ ರಾಚಪ್ಪನ ದುಡಿಮಿ ಮ್ಯಾಲ. ರಾಚಪ್ಪ ಕುಬಸದ ಸಾವ್ಕಾರ್ರ ನೂಲಿನ ಗೋದಾಮು ನೋಡ್ಕೋತಿದ್ದ. ಪಾಪ, ಅವಗ ಹುಟ್ಟಿದಾಗಿಂದ ಕೆಂಪು ಯಾವ್ದು, ಹಸಿರು ಯಾವ್ದು ಗುರ್ತು ಹತ್ತಂಗಿಲ್ಲ. ಹೊರಗ ಯಾರಿಗೂ ಹೇಳಿರಲಿಲ್ಲ. ಖಣ ನೇಯೂ ಮಂದಿ ಬಂದು "ಕೆಂಪು ಕೊಡ್ರಿ" ಅಂತಿದ್ರು. ಕೆಂಪು ಯಾವ ಗೂಡಿನಾಗ ಐತಿ ಅನ್ನೂದು ಅವಗ ಗೊತ್ತು, ತಗದು ಕೊಡ್ತಿದ್ದ. ಸಾವ್ಕಾರ್ರು ಇರಪಾಕ್ಷಿ ಕಡಿಂದ ಮೊಬೈಲ್ ಆ್ಯಪ್ ಮಾಡಿಸಿದ ಮ್ಯಾಲ ಬಂತು ನೋಡ್ರಿ ಪಂಚಾಯ್ತಿ. ನೇಕಾರ್ರು ಮನ್ಯಾಗ ಕುಂತು ಬಣ್ಣದ ಚೌಕ ಒತ್ತೂದು, ರಾಚಪ್ಪ ಅದನ್ನ ನೋಡಿ ನೂಲಿನ ಲಡಿ ಕಳಸೂದು. ಕೆಂಪು ಕೇಳಿದವ್ರಿಗೆ ಹಸಿರು ಹೋತು.

"ಇನ್ನೊಮ್ಮಿ ಹಿಂಗಾದ್ರ ಬ್ಯಾರೆಯವ್ರನ್ನ ಇಡ್ತೀನಿ ನೋಡಪಾ" ಅಂದು ಸಾವ್ಕಾರ್ರು ಬೀಗರ ಊರಿಗೆ ಹೋದ್ರು.

ಕಾಶವ್ವ ಮಗನ್ನ ಕರದ್ಲು. "ಕೆಂಪು, ಹಸಿರು ನಿಮ್ಮ ಮಾವಗ ಭಾಳ ಕಾಡಾಕತ್ತಾವ. ಏನರ ಮಾಡಿ ಆ ಕಾಟ ತಗಿಯಪಾ."

ತಗದ. ಆ್ಯಪಿನಾಗ ಕೆಂಪೂ ಇಲ್ಲ, ಹಸಿರೂ ಇಲ್ಲ. ಕೆಂಪು ಎಲ್ಲಿ ಅಂತ ನೇಕಾರ್ರೆಲ್ಲ ಗೋದಾಮಿಗೆ ಬಂದು ನಿಂತ್ರು.

"ಬಣ್ಣಾನ ತಗಿ ಅಂದ್ನೇನೋ ಖೋಡಿ? ತಗೀಬ್ಯಾಡ. ಮಾವಗ ಕಾಣೂ ಬಣ್ಣ ಯಾವ್ದು ಕೇಳಿ ಹಚ್ಚು."

ಕೇಳಿದ. "ನೀಲಿ ಛಲೋ ಕಾಣತೈತಪಾ" ಅಂದ ರಾಚಪ್ಪ. ಇರಪಾಕ್ಷಿ ಇದ್ದಬದ್ದ ಚೌಕಕ್ಕೆಲ್ಲ ನೀಲಿ ಬಳದ. ರಾಚಪ್ಪಗ ಒಬ್ಬೊಬ್ಬರಿಗೂ ಫೋನ್ ಹಚ್ಚಿ "ನಿಮಗ ಯಾವ ಬಣ್ಣರಿ?" ಅಂತ ಕೇಳಿ ಕೇಳಿ ಸಾಕಾತು.

"ಎಲ್ಲಾ ಒಂದ ಆದ್ರ ಹೆಂಗ ತಿಳೀಬೇಕೋ ಮಾರಾಯ? ಒಂದೊಂದರ ಮ್ಯಾಲೂ ಹೆಸರು ಬರಿ" ಅಂದ್ಲು ಅವ್ವ.

ಬರದ. ಒಂದೊಂದರ ಮ್ಯಾಲೂ ಇರಪಾಕ್ಷಿ, ಇರಪಾಕ್ಷಿ, ಇರಪಾಕ್ಷಿ.

ಕಾಶವ್ವಗ ನಗೂನೂ ಬರಲಿಲ್ಲ, ಅಳೂನೂ ಬರಲಿಲ್ಲ. "ನಿನ್ನ ಹೆಸರು ತಗೊಂಡು ಯಾರು ನೇಯಬೇಕೋ? ಬಣ್ಣದ ಹೆಸರು ಬರಿ. ಬಿಳೇದರ ಮ್ಯಾಲ ಕರೇ ಅಕ್ಷರ. ಏನು, ಯಾಕ ಅನ್ನೂದು ನೋಡಿದವ್ರಿಗೆ ಪಟ್ನ ತಿಳೀಬೇಕು."

ಈ ಸಲ ಬಣ್ಣದ ಹೆಸರನ್ನ ಬರದ. ರಾಚಪ್ಪ ಬೆರಳು ಇಟ್ಟು "ಕೆಂಪು, ಹಸಿರು" ಅಂತ ಓದಿದ. ಕಣ್ಣಾಗ ನೀರು ಬಂದ್ವು. ಬದುಕಿದೆ ಅಂದ್ಕೊಂಡ.

ಅಷ್ಟರಾಗ ಸಾವ್ಕಾರ್ರು ಬಂದ್ರು, ಮೊಬೈಲ್ ತಗದ್ರು. ಎಲ್ಲಾದಕ್ಕಿಂತ ಮ್ಯಾಲ, ರಾಚಪ್ಪ ನೋಡದ ಬಿಟ್ಟಿದ್ದ ಒಂದು ಸಾಲು ಓದಿದ್ರು: "ನಮ್ಮ ಮಾವಗ ಕೆಂಪು ಹಸಿರು ಗುರ್ತು ಹತ್ತಂಗಿಲ್ಲ, ಅದಕ್ಕ ಹೆಸರು ಬರದೀನಿ." ಯಾಕ ಅನ್ನೂದು ತಿಳೀಬೇಕು ಅಂದಿದ್ಲಲ್ರಿ ಅವ್ವ! ಊರಿನ ಎಲ್ಲಾ ನೇಕಾರ್ರ ಮೊಬೈಲಿನಾಗೂ ಅದ ಸಾಲು. ಕೆಲಸ ಹೋತು ಅಂತ ರಾಚಪ್ಪ ಗೋದಾಮಿನ ಕೀಲಿ ಸಾವ್ಕಾರ್ರ ಮುಂದ ಇಟ್ಟು ಕುಂತ.

ಸಾವ್ಕಾರ್ರು ಕೀಲಿ ತಿರಗಿ ಅವನ ಕೈಯಾಗ ಇಟ್ರು. "ಇಷ್ಟು ವರ್ಷ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಅಂಜಿಕೋತ ಬಂದೇನೋ ರಾಚಪ್ಪ? ನನಗರ ಒಂದು ಮಾತು ಹೇಳಬಾರದಾಗಿತ್ತೇನು? ಏಳು, ಗೋದಾಮು ತಗಿ. ಹೆಸರು ಹಂಗ ಇರ್ಲಿ." ಆಮ್ಯಾಲ ಇರಪಾಕ್ಷಿನ್ನ ಬಾಜೂಕ ಕರದು ಮೆಲ್ಲಕ ಅಂದ್ರು, "ಆ ಮ್ಯಾಲಿನ ಸಾಲು ಇನ್ನೊಮ್ಮಿ ನಿಮ್ಮ ಮಾವಗ ಕಾಣಬಾರದು ನೋಡು. ಪಾಪ, ಮನಸಿಗೆ ಹತ್ತತೈತಿ."

"ಆತ್ರಿ" ಅಂದ ಇರಪಾಕ್ಷಿ. ಹೇಳಿದಷ್ಟ ಮಾಡಿದ. ಸಾಲು ಇದ್ದಲ್ಲೇ ಬಿಟ್ಟ. ಅದರ ಹಿಂದ ಹಸಿರು ಬಳದ, ಅಕ್ಷರಕ್ಕ ಕೆಂಪು ಹಚ್ಚಿದ.

ಈಗ ಊರಿಗೆ ಊರ ಅದನ್ನ ಓದತೈತಿ, ರಾಚಪ್ಪ ಒಬ್ಬನ್ನ ಬಿಟ್ಟು. ಅಂವ ಏನು ಮಾಡ್ತಾನ ಗೊತ್ತೇನ್ರಿ? "ಪೂರಾ ಅಳಿಸ್ಯಾನ ನೋಡ್ರಿ, ನಮ್ಮ ಅಳಿಯ ಭಾಳ ಶ್ಯಾಣ್ಯಾ" ಅಂತ ಸಿಕ್ಕಸಿಕ್ಕವ್ರಿಗೆಲ್ಲ ಮೊಬೈಲ್ ತೋರಿಸಿಕೋತ ತಿರಗತಾನ.