ಊಟದ ಹೊತ್ತಿನ ಎಣಿಕೆ

ಮಠದ ವಿದ್ಯಾರ್ಥಿ ನಿಲಯದಲ್ಲಿ ಗಾದಿಲಿಂಗ ಎಂಬ ವಿದ್ಯಾರ್ಥಿ ಜ್ವರದಿಂದ ತೀರಿಕೊಂಡ ಐದನೆಯ ದಿನ ಇದು ನಡೆಯಿತು.

ಗುರುಗಳು ದೂರದ ಪ್ರವಾಸ ಮುಗಿಸಿ ಅಂದು ಬೆಳಿಗ್ಗೆ ಮಠಕ್ಕೆ ಮರಳಿದ್ದರು. ಕಾಲು ತೊಳೆದುಕೊಂಡು ನಿಲಯವನ್ನು ಒಂದು ಸುತ್ತು ನೋಡಿ ಬಂದರು. ಚಾಲಕನನ್ನು ಕರೆದು ಏನೋ ಹೇಳಿ ಪೇಟೆಗೆ ಕಳುಹಿಸಿದರು. ಆಮೇಲೆ ಜಗಲಿಯಲ್ಲಿ ಕುಳಿತರು. ನಿಲಯದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ ಶಿವಬಸಯ್ಯ ಬಂದು ನಮಸ್ಕರಿಸಿ ಕೇಳಿದ.

“ಬುದ್ಧಿ, ನಿಲಯದಲ್ಲಿ ಜಾಗ ಖಾಲಿಯಾಗಿದೆ. ಮಕ್ಕಳನ್ನು ಕರೆದುಕೊಂಡು ಬಂದವರು ನಿನ್ನೆಯಿಂದ ಬಾಗಿಲಲ್ಲೇ ಕೂತಿದ್ದಾರೆ. ಸೇರಿಸಿಕೊಳ್ಳಬಹುದೆ?”

“ಎಷ್ಟು ಜಾಗ?”

“ಹದಿನಾಲ್ಕು.”

“ಹೇಗೆ ಗೊತ್ತಾಯಿತು?”

“ಪಂಕ್ತಿಯಲ್ಲಿ ಎಣಿಸಿದೆ. ದಿನವೂ ಅರವತ್ತು ಎಲೆ ಹಾಕಿಸುತ್ತೇವೆ. ನಿನ್ನೆ ಹದಿನಾಲ್ಕು ಎಲೆಗಳ ಮುಂದೆ ಯಾರೂ ಕೂರಲಿಲ್ಲ. ಒಂದು ಗಾದಿಲಿಂಗನದು. ಉಳಿದವರು ಹೆದರಿಕೊಂಡು ಊರಿಗೆ ಹೋಗಿರಬೇಕು. ಹೇಳದೆ ಕೇಳದೆ ಹೋಗುವುದು ಈ ಹುಡುಗರಿಗೆ ಹೊಸದಲ್ಲ.”

ನಿಲಯವನ್ನು ಕಟ್ಟಿಸಿದ್ದು ನಲವತ್ತು ಜನಕ್ಕೆ. ಅದು ಅರವತ್ತಾದದ್ದು ಶಿವಬಸಯ್ಯನ ಕೈಯಲ್ಲಿ. ಅವನು ಕೆಟ್ಟವನಲ್ಲ. ಬಡವರ ಮಗ, ತಾನೂ ಒಂದು ದಿನ ಅದೇ ಬಾಗಿಲಲ್ಲಿ ಕೂತಿದ್ದವನು. ಬಂದವರನ್ನು ಹಿಂದಕ್ಕೆ ಕಳುಹಿಸಲು ಅವನಿಂದ ಆಗುತ್ತಿರಲಿಲ್ಲ.

“ಕೂತುಕೋ” ಎಂದರು ಗುರುಗಳು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಎಡಗೈ ಮಾತ್ರ ಆಡುತ್ತಿತ್ತು. ಅವಳು ಊಟ ಬಿಟ್ಟಳು. ಗಂಡ ಬಾಯಿಗೆ ಇಟ್ಟ ತುತ್ತು ಹಾಗೆಯೇ ಹೊರಗೆ ಬರುತ್ತಿತ್ತು. ವೈದ್ಯರು ಬಂದು ನೋಡಿ, “ಔಷಧಿ ನಾನು ಕೊಡಬಹುದು, ಹಸಿವು ಎಲ್ಲಿಂದ ತರಲಿ” ಎಂದರು.

ಅವಳು ನೋಡಿಕೊಂಡಾದರೂ ಇರಲಿ ಎಂದು ವ್ಯಾಪಾರಿ ಒಂದು ಗಾಜಿನ ತೊಟ್ಟಿ ತಂದ. ಮೂರು ಅಡಿ ಉದ್ದದ್ದು. ತಳಕ್ಕೆ ಮಣ್ಣು, ಅದರ ಮೇಲೆ ಮರಳು ಹಾಕಿ, ನೀರಿನ ಗಿಡಗಳನ್ನು ನೆಟ್ಟ. ಅವಳ ಮಂಚದ ಪಕ್ಕದಲ್ಲಿ ಒಂದು ಗಿಡ್ಡ ಮೇಜಿನ ಮೇಲೆ ಅದನ್ನು ಇಟ್ಟ. ಗಿಡ ಬೇರು ಬಿಟ್ಟ ಮೇಲೆ ಮೀನು ಮಾರುವವನ ಬಳಿಗೆ ಹೋದ.

“ನಿಮ್ಮ ತೊಟ್ಟಿಗೆ ಹದಿನೈದು ಮೀನು. ಗಿಡ ಎಷ್ಟೇ ಬೆಳೀಲಿ, ಹದಿನೈದೇ” ಎಂದ ಮಾರುವವನು.

“ಅಷ್ಟು ದೊಡ್ಡ ತೊಟ್ಟಿಗೆ ಹದಿನೈದಾ? ನಮ್ಮ ಅಂಗಡಿ ಕಪಾಟಿನಲ್ಲಿ ಸೀರೆ ಇದಕ್ಕಿಂತ ಒತ್ತಾಗಿ ಜೋಡಿಸ್ತೀವಿ.”

“ಸೀರೆ ಉಸಿರಾಡಲ್ಲ ಯಜಮಾನ್ರೇ. ಉಚ್ಚೆನೂ ಹುಯ್ಯಲ್ಲ.”

ವ್ಯಾಪಾರಿ ನಕ್ಕ. ಹದಿನೈದನ್ನೇ ತಂದ. ಕೆಲವು ಮೇಲ್ಭಾಗದಲ್ಲಿ ಈಜುವವು, ಕೆಲವು ನಡುವೆ ಗುಂಪಾಗಿ ಓಡಾಡುವವು, ಕೆಲವು ತಳದ ಮರಳು ಕೆದಕುವವು. ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತಿರಲಿಲ್ಲ.

ಮೊದಲ ಸಂಜೆ ಅವನು ನೀರಿಗೆ ಚಿಟಿಕೆ ಮೇವು ಉದುರಿಸಿದ. ಎಲ್ಲ ಮೀನುಗಳೂ ಮುಂದಿನ ಗಾಜಿಗೆ ಬಂದು ತಿಂದವು. ಹೆಂಡತಿ ನೋಡುತ್ತಿದ್ದಳು. ಅವಳ ತುಟಿ ಆಡಿತು. ವ್ಯಾಪಾರಿ ಒಂದು ತುತ್ತು ಇಟ್ಟು ನೋಡಿದ. ನುಂಗಿದಳು.

ಅಂದಿನಿಂದ ಮೀನಿನ ಊಟದ ಹೊತ್ತೇ ಅವಳ ಊಟದ ಹೊತ್ತಾಯಿತು. ಮೀನು ತಿಂದರೆ ಅವಳೂ ತಿನ್ನುತ್ತಿದ್ದಳು. ವ್ಯಾಪಾರಿ ಅಂಗಡಿಯನ್ನು ಬೇಗ ಮುಚ್ಚಿ ಬರುತ್ತಿದ್ದ. ತೊಟ್ಟಿಯ ಮುಂದೆ ನಿಂತು ಮೇವು ಹಾಕಿ ಮೀನುಗಳನ್ನು ಎಣಿಸುತ್ತಿದ್ದ. ಹದಿನೈದು. ಆಮೇಲೆ ತಟ್ಟೆ ಕೈಗೆತ್ತಿಕೊಳ್ಳುತ್ತಿದ್ದ.

ಗಿಡಗಳು ದಟ್ಟವಾದವು. ಒಂದು ಸಂಜೆ ಊಟಕ್ಕೆ ಬಂದ ಮೀನು ಹದಿಮೂರು. ಹೆಂಡತಿ ಅರ್ಧ ಉಂಡು ಮುಖ ತಿರುಗಿಸಿದಳು. ಎಡಗೈ ಎತ್ತಿ ಗಿಡಗಳ ಕಡೆಗೆ ತೋರಿಸಿದಳು. ಎರಡು ಮೀನು ಕಡಿಮೆಯಾದದ್ದನ್ನು ತೋರಿಸುತ್ತಿದ್ದಾಳೆ ಎಂದುಕೊಂಡ ವ್ಯಾಪಾರಿ. ನಿಂತಲ್ಲಿಂದಲೇ ಮೇಲಿನಿಂದ ಇಣುಕಿ ನೋಡಿದ. ಎಲೆಗಳು ಮಾತ್ರ ಕಂಡವು. ಮರುದಿನ ಮತ್ತೆ ಮೀನು ಮಾರುವವನ ಬಳಿಗೆ ಹೋದ.

“ಎರಡು ಕೊಡಪ್ಪ. ಎರಡು ಸತ್ತಿವೆ.”

“ಹೆಣ ತೆಗೆದ್ರಾ?”

“ಕಾಣಲಿಲ್ಲ. ಉಳಿದವು ತಿಂದಿರಬೇಕು.”

“ಮತ್ತೆ ಸತ್ತಿದ್ದು ಹೇಗೆ ಗೊತ್ತಾಯ್ತು?”

“ಊಟಕ್ಕೆ ಬರಲಿಲ್ಲ.”

“ನಮ್ಮ ಮಾವನೂ ಊಟಕ್ಕೆ ಬರಲ್ಲ, ಮುನಿಸಿಕೊಂಡಾಗ” ಎಂದು ಮಾರುವವನು ನಕ್ಕ. ನಗುತ್ತಲೇ ಎರಡು ಮೀನನ್ನು ಚೀಲಕ್ಕೆ ಹಾಕಿ ಕೊಟ್ಟ. ಅವನಿಗೂ ವ್ಯಾಪಾರ ಆಗಬೇಕಿತ್ತು.

ಆ ಸಂಜೆ ಹದಿನೈದು ಬಂದವು. ಹೆಂಡತಿ ಎರಡು ತುತ್ತು ಹೆಚ್ಚಾಗಿ ಉಂಡಳು. ವ್ಯಾಪಾರಿಗೆ ತನ್ನ ಲೆಕ್ಕ ಸರಿಯಾಗಿದೆ ಅನ್ನಿಸಿತು.

ಮುಂದೆ ಹೀಗೆಯೇ ನಡೆಯಿತು. ಕೆಲವು ದಿನಗಳಾದ ಮೇಲೆ ಮೂರು ಕಡಿಮೆ ಬರುತ್ತಿದ್ದವು. ಅವನು ಮೂರು ತರುತ್ತಿದ್ದ. ಇನ್ನೊಮ್ಮೆ ನಾಲ್ಕು ಕಡಿಮೆ. ನಾಲ್ಕು ತರುತ್ತಿದ್ದ. ಹದಿನೈದಕ್ಕಿಂತ ಒಂದನ್ನೂ ಹೆಚ್ಚು ಮಾಡಲಿಲ್ಲ. ಅದರಲ್ಲಿ ಅವನು ಕಟ್ಟುನಿಟ್ಟು. ಹೆಂಡತಿ ಪ್ರತಿ ಸಲವೂ ಗಿಡಗಳ ಬುಡಕ್ಕೆ ಬೆರಳು ತೋರಿಸುತ್ತಿದ್ದಳು. “ಗೊತ್ತಾಯ್ತು, ನಾಳೆ ತರ್ತೀನಿ” ಎನ್ನುತ್ತಿದ್ದ. ಅವಳು ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದಳು. “ಖಂಡಿತ ತರ್ತೀನಿ ಮಾರಾಯ್ತಿ, ಮೀನಂಗಡಿ ಈಗ ಮುಚ್ಚಿರುತ್ತೆ” ಎನ್ನುತ್ತಿದ್ದ.

ಇಲ್ಲಿ ಶಿವಬಸಯ್ಯ ನಡುವೆ ಬಾಯಿ ಹಾಕಿದ. “ನೀರು ಕೆಟ್ಟದ್ದು ಅವನಿಗೆ ಕಾಣಲಿಲ್ಲವೆ ಬುದ್ಧಿ?”

“ನೀರು ತಿಳಿಯಾಗಿಯೇ ಇತ್ತು. ಮೀನಿನ ಹೊಲಸು ನೀರಿನಲ್ಲಿ ಕರಗಿದರೆ ಕಣ್ಣಿಗೆ ಕಾಣುವುದಿಲ್ಲ. ಗಿಡಕ್ಕೆ ಅದು ಗೊಬ್ಬರ. ಹೊಲಸು ಹೆಚ್ಚಾದಷ್ಟೂ ಗಿಡ ಹಸಿರಾಯಿತು. ಮನೆಗೆ ಬಂದವರೆಲ್ಲ ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಎಂದರು. ನಿನಗೂ ಹೋದ ತಿಂಗಳು ಯಾರೋ ಬಂದು, ನಿಲಯ ಚೆನ್ನಾಗಿದೆ ಎಂದು ಹೂಮಾಲೆ ಹಾಕಿ ಹೋದರಂತೆ.”

ಶಿವಬಸಯ್ಯ ತಲೆ ತಗ್ಗಿಸಿ ಸಂಕೋಚದಿಂದ ನಕ್ಕ. ಗುರುಗಳು ನಗಲಿಲ್ಲ. ಕತೆ ಮುಂದುವರಿಸಿದರು.

ಸೊರಗಿದ ಮೀನು ಮೇವಿಗೆ ಬರುವುದಿಲ್ಲ. ಬಂದರೂ ಗಟ್ಟಿ ಇರುವವು ಅದನ್ನು ತಳ್ಳುತ್ತವೆ. ಅದು ಗಿಡದ ಬುಡ ಸೇರಿ, ಎಲೆಯ ಕೆಳಗೆ ಸುಮ್ಮನೆ ನಿಲ್ಲುತ್ತದೆ. ಅಲ್ಲಿ ಎಷ್ಟೋ ದಿನ ಬದುಕಿರುತ್ತದೆ. ಅದೂ ಉಸಿರಾಡುತ್ತದೆ, ಅದೂ ನೀರನ್ನು ಕೆಡಿಸುತ್ತದೆ. ಸತ್ತ ಮೇಲೆ ಇನ್ನೂ ಹೆಚ್ಚು ಕೆಡಿಸುತ್ತದೆ. ವ್ಯಾಪಾರಿ ಎಣಿಸಿದ್ದು ಗಾಜಿನ ಮುಂದೆ ಬಂದು ತಿಂದವನ್ನು. ಒಳಗಿದ್ದವು ಅವನ ಲೆಕ್ಕಕ್ಕೆ ಬರಲಿಲ್ಲ.

ಒಂದು ಸಂಜೆ ಹೆಂಡತಿ ಬಾಯಿಯನ್ನೇ ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ಅವಳು ಕೈ ತಪ್ಪಿಹೋಗುತ್ತಿದ್ದಾಳೆ ಎಂದು ವ್ಯಾಪಾರಿಗೆ ಭಯವಾಯಿತು. ಹದಿನೈದರ ಮಾತು ಮರೆತ. ಓಡಿಹೋಗಿ ಹತ್ತು ಮೀನು ಕೇಳಿದ.

“ಒಂದೇ ಸಲ ಹತ್ತಾ? ಏನು ಯಜಮಾನ್ರೇ, ಮನೇಲಿ ಮದುವೆನಾ?” ಎಂದ ಮಾರುವವನು.

ವ್ಯಾಪಾರಿ ಚೀಲ ಹಿಡಿದು ಮನೆಗೆ ಬಂದ. ಹೆಂಡತಿ ಚೀಲವನ್ನು ನೋಡಿದಳು. ಕಣ್ಣು ಮುಚ್ಚಿದಳು. ಅವನು ಮೀನುಗಳನ್ನು ತೊಟ್ಟಿಗೆ ಬಿಟ್ಟು ಮೇವು ಹಾಕಿದ. ಮುಂದಿನ ಗಾಜಿನ ತುಂಬ ಮೀನು. ಎಣಿಸಲು ಆಗದಷ್ಟು. “ನೋಡು, ಒಂದು ಸಲ ಕಣ್ಣು ಬಿಟ್ಟು ನೋಡು, ಎಷ್ಟು ಬಂದಿವೆ” ಎಂದ. ಅವಳು ನೋಡಲಿಲ್ಲ. ಅವನು ದೀಪ ಆರಿಸಿ ಒಳಗಿನ ಕೋಣೆಗೆ ಹೋಗಿ ಮಲಗಿದ.

ಬೆಳಕಿದ್ದಾಗ ಗಿಡ ನೀರಿಗೆ ಉಸಿರು ಕೊಡುತ್ತದೆ. ಬೆಳಕು ಹೋದ ಮೇಲೆ ಗಿಡವೂ ಅದೇ ನೀರಿನಿಂದ ಉಸಿರು ಎಳೆದುಕೊಳ್ಳುತ್ತದೆ. ಗಿಡ ದಟ್ಟವಾದಷ್ಟೂ ಹೆಚ್ಚು ಎಳೆಯುತ್ತದೆ. ಇದು ವ್ಯಾಪಾರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಅವನು ಬಂದಾಗ ನೀರಿನ ಮೇಲೆ ಮೀನುಗಳು ಬಾಯಿ ತೆರೆದು ತೇಲುತ್ತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಹೆಂಡತಿ ಎಚ್ಚರವಾಗಿದ್ದಳು. ಮಂಚದ ಪಟ್ಟಿಯ ಮೇಲೆ ರಕ್ತದ ಕಲೆ ಇತ್ತು. ಬಡಿದು ಬಡಿದು ಅವಳ ಎಡಗೈಯ ಗಿಣ್ಣುಗಳ ಚರ್ಮ ಸುಲಿದಿತ್ತು. ಕಿಟಕಿಯಿಂದ ಬಂದ ಬೆಳದಿಂಗಳಲ್ಲಿ ಅವು ಸಾಯುವುದನ್ನು ಅವಳು ಪೂರ್ತಿ ನೋಡಿದ್ದಳು. ಒಳಗೆ ಮಲಗಿದ್ದವನಿಗೆ ಸದ್ದು ಕೇಳಿಸಿರಲಿಲ್ಲ.

ವ್ಯಾಪಾರಿ ನೀರು ಖಾಲಿ ಮಾಡಲು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತ. ಇಷ್ಟು ದಿನಗಳಲ್ಲಿ ಅವನು ಅಲ್ಲಿ ಕೂತದ್ದು ಅದೇ ಮೊದಲು. ತೊಟ್ಟಿಯ ತಳ ಅವನ ಕಣ್ಣಿನ ಎತ್ತರಕ್ಕೆ ಬಂತು. ನಿಂತವನಿಗೆ ಎಲೆ ಕಾಣುತ್ತಿತ್ತು. ಕೂತವನಿಗೆ ಎಲೆಯ ಕೆಳಗೆ ಏನಿದೆ ಎಂಬುದು ಕಂಡಿತು. ಬುಡಗಳ ನಡುವೆ ಮೀನುಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಲವು ಅಂದು ಸತ್ತವು. ಕೆಲವು ಎಂದೋ ಸತ್ತವು. ಅವುಗಳ ರೆಕ್ಕೆ ಕೊಳೆತು ಮೂಳೆ ಕಾಣುತ್ತಿತ್ತು. ಅವನು ತಲೆ ತಿರುಗಿಸಿ ಹೆಂಡತಿಯ ದಿಂಬನ್ನು ನೋಡಿದ. ದಿಂಬೂ ಅದೇ ಎತ್ತರದಲ್ಲಿತ್ತು. ಪ್ರತಿ ಸಂಜೆ ಅವನು ತುತ್ತು ಹಿಡಿದು ನಿಂತಾಗ ಅವಳಿಗೆ ಕಾಣುತ್ತಿದ್ದುದು ಇದು. ಅವಳು ಬೆರಳು ತೋರಿಸಿದ್ದೂ ಇದಕ್ಕೆ.

ಅವನು ಗಿಡಗಳನ್ನು ಬೇರು ಸಹಿತ ಕಿತ್ತ. ಒಂದು ಹಳೆಯ ಪಂಚೆ ಹಾಸಿ ಮೀನುಗಳನ್ನು ಅದರ ಮೇಲೆ ಸಾಲಾಗಿ ಇಟ್ಟ. ಅವನ ಲೆಕ್ಕದಲ್ಲಿ ಇಪ್ಪತ್ತೈದು ಇರಬೇಕಿತ್ತು. ಕರಗಿಹೋದವನ್ನು ಬಿಟ್ಟು ಪಂಚೆಯ ಮೇಲೆ ನಲವತ್ತೊಂದು ಇದ್ದವು.

ಆ ಸಂಜೆಯೂ ಅವನು ಅನ್ನ ಕಲಸಿಕೊಂಡು ಬಂದು ಕೂತ. ಈ ಸಲ ನೆಲದ ಮೇಲೆಯೇ ಕೂತ. ಅವಳು ಗೋಡೆಯ ಕಡೆಗೆ ತಿರುಗಿದ್ದಳು. ಬಾಯಿ ತೆರೆಯಲಿಲ್ಲ. ಮತ್ತೆಂದೂ ತೆರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು” ಎಂದ ಶಿವಬಸಯ್ಯ.

ಹೊರಗೆ, ಮಕ್ಕಳ ಗಂಟುಮೂಟೆಗಳ ಮೇಲೆ ಕೂತವರು ಎದ್ದು ದಾರಿ ಬಿಡುತ್ತಿದ್ದರು. ಪೇಟೆಗೆ ಹೋದ ವಾಹನ ಒಳಗೆ ಬಂದು ನಿಂತಿತು. ಅದರಿಂದ ಡಾಕ್ಟರು ಇಳಿದರು. ಅವರ ಹಿಂದೆ ಇಬ್ಬರು ನರ್ಸುಗಳು ಇಳಿದರು. ಚಾಲಕ ಔಷಧಿಯ ಪೆಟ್ಟಿಗೆಗಳನ್ನು ಇಳಿಸತೊಡಗಿದ. ಅವರು ಜಗಲಿಯ ಕಡೆಗೆ ಬರಲಿಲ್ಲ. ನೇರವಾಗಿ ನಿಲಯದ ಕೋಣೆಗಳ ಕಡೆಗೆ ನಡೆದರು.

ಶಿವಬಸಯ್ಯ ಎದ್ದು ನಿಂತ. “ಡಾಕ್ಟರು ಯಾರಿಗೆ ಬುದ್ಧಿ?”

“ಊರಿಗೆ ಯಾರೂ ಹೋಗಿಲ್ಲ, ಕೋಣೆಗಳಲ್ಲಿ ಏಳಲಾಗದೆ ಮಲಗಿರುವವರು ಹದಿಮೂರು.”