ಮಹಡಿಯ ಗೀಸರಿನ ವೈರು

ವೀರಭದ್ರಯ್ಯನವರು ಮಹಡಿ ಮನೆ ಕಟ್ಟಿಸಿದರು. ತಾವಿರುವ ಕೆಳಮನೆಯ ಗೀಸರಿಗೆ ದಪ್ಪನೆಯ ನಾಲ್ಕು ಎಂಎಂ ವೈರು. ಬಾಡಿಗೆಗೆ ಕೊಡುವ ಮಹಡಿಯ ಗೀಸರಿಗೆ ಮಾತ್ರ ಬಲ್ಬಿಗೆ ಹಾಕುವ ಒಂದು ಎಂಎಂ ವೈರೇ ಸಾಕೆಂದು ಎಲೆಕ್ಟ್ರಿಷಿಯನ್ ಬಾಷಾನಿಗೆ ಅಪ್ಪಣೆಯಾಯಿತು.

ಬಾಡಿಗೆಗೆ ಬರಲಿದ್ದ ಅಂಗನವಾಡಿ ಟೀಚರ್ ಕಮಲಾಕ್ಷಿ, "ಅಷ್ಟು ಸಣ್ಣ ವೈರು ಕಾದು ಸುಟ್ಟುಹೋಗುತ್ತೆ ಸಾರ್. ನನಗೆ ಮಕ್ಕಳಿದ್ದಾರೆ" ಎಂದಳು.

"ಗೋಡೆಯೊಳಗಿನ ವೈರಿನ ಚಿಂತೆ ನಿಮಗ್ಯಾಕಮ್ಮ? ಗೋಡೆ ನನ್ನದು!"

ಕಮಲಾಕ್ಷಿ ವಾದಕ್ಕೆ ನಿಲ್ಲಲಿಲ್ಲ. ಬಾಷಾನ ಕಡೆ ತಿರುಗಿದಳು. "ಮೀಟರು ಕೆಳಗಿದೆಯಲ್ಲಣ್ಣ, ಈ ವೈರು ಎಲ್ಲಿಂದ ಇಳಿಯುತ್ತೆ?"

"ಸಾಹೇಬರು ಮಲಗೋ ಕೋಣೆ ಗೋಡೆಯಲ್ಲಿ ಅಕ್ಕಾ. ಮಂಚದ ತಲೆ ಕಡೆ."

"ಹಾಗಾದರೆ ಒಂದು ಎಂಎಮ್ಮೇ ಇರಲಿ ಬಿಡಿ ಸಾರ್. ಬಿಸಿನೀರು ನಮಗೆ, ಬಿಸಿ ಗೋಡೆ ನಿಮಗೆ."

ವೀರಭದ್ರಯ್ಯನವರು ಮೆಲ್ಲಗೆ ತಲೆ ಸವರಿಕೊಂಡರು.

"ಲೋ ಬಾಷಾ, ಆರು ಎಂಎಂ ಸಿಗುತ್ತೇನೋ?"